ಕಂಚಿನ ತಗಡಿನ ಮೇಲಿನ ಒಂದು ಸಾಲು

ಎಲ್ಲರಿಗೂ ನಮಸ್ಕಾರ.

ರೋಮ್ ಅಂದ ಕೂಡಲೇ ನಮಗೆ ಚಕ್ರವರ್ತಿಗಳು, ಯುದ್ಧಗಳು ನೆನಪಾಗುತ್ತವೆ. ಇವತ್ತು ನಾನು ಅವರನ್ನು ಪಕ್ಕಕ್ಕಿಟ್ಟು ಒಬ್ಬ ಸಾಮಾನ್ಯ ಸೈನಿಕನಿಂದ ಶುರು ಮಾಡುತ್ತೇನೆ. ಅವನ ಹೆಸರು ಸ್ಪಾರ್ಟಿಕಸ್. ಅಪ್ಪನ ಹೆಸರು ಡಿಯುಜೆನಸ್. ಬೆಸ್ಸಿ ಎಂಬ ಬುಡಕಟ್ಟಿನವನು, ಅಂದರೆ ಇಂದಿನ ಬಲ್ಗೇರಿಯಾದ ಕಡೆಯವನು. ಇಟಲಿಯ ಮಿಸೇನಮ್ ಬಂದರಿನ ಹಡಗುಪಡೆಯಲ್ಲಿ ದುಡಿದವನು. ಕ್ರಿ.ಶ. 52ರ ಡಿಸೆಂಬರ್ 11ರಂದು ಚಕ್ರವರ್ತಿ ಕ್ಲಾಡಿಯಸ್ ಅವನಿಗೆ ರೋಮಿನ ಪೌರತ್ವ ಕೊಟ್ಟ. ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ಅವನಿಗೆ ಸಿಕ್ಕ ಕಂಚಿನ ತಗಡಿನಿಂದ. ಇಂಥ ತಗಡುಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು ಇದೇ. ಈಗ ಇಡಿಯಾಗಿಯೋ ಚೂರಾಗಿಯೋ ಸಾವಿರಕ್ಕೂ ಜಾಸ್ತಿ ಸಿಕ್ಕಿವೆ.

ಇವುಗಳನ್ನು ವಿದ್ವಾಂಸರು ಡಿಪ್ಲೊಮಾ ಅನ್ನುತ್ತಾರೆ. ಗ್ರೀಕಿನಲ್ಲಿ ಆ ಮಾತಿಗೆ ಎರಡಾಗಿ ಮಡಚಿದ್ದು ಎಂದರ್ಥ. ತಗಡುಗಳು ಎರಡು, ಪುಸ್ತಕದ ಹಾಗೆ ಒಂದರ ಮೇಲೊಂದು. ಒಳಗೂ ಹೊರಗೂ ಒಂದೇ ಒಕ್ಕಣೆ. ನಡುವಿನ ತೂತುಗಳಲ್ಲಿ ತಂತಿ ಪೋಣಿಸಿ ಬಿಗಿದು, ಏಳು ಜನ ಸಾಕ್ಷಿಗಳು ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಹೊರಗಿನದನ್ನು ಯಾರು ಬೇಕಾದರೂ ಓದಬಹುದು. ಅದನ್ನು ತಿದ್ದಿದ್ದಾರೆ ಅಂತ ಅನುಮಾನ ಬಂದರೆ ಮುದ್ರೆ ಒಡೆದು ಒಳಗಿನದನ್ನು ನೋಡಬಹುದು. ಮೂಲ ಶಾಸನ ಇರುತ್ತಿದ್ದದ್ದು ರೋಮಿನಲ್ಲೇ. ಸ್ಪಾರ್ಟಿಕಸನ ತಗಡಿನ ಮೂಲವನ್ನು ಕ್ಯಾಪಿಟೋಲ್ ಗುಡ್ಡದ ಮೇಲೆ, ಫೀಡೆಸ್ ದೇವತೆಯ ಗುಡಿಯ ಬಲಗಡೆ ಹಾಕಿದ್ದರು. ಫೀಡೆಸ್ ಅಂದರೆ ಕೊಟ್ಟ ಮಾತು, ನಂಬಿಕೆ. ಜಾಗ ಸುಮ್ನೆ ಆರಿಸಿದ್ದಲ್ಲ ಅನಿಸುತ್ತದೆ, ಅಲ್ವಾ?

ರೋಮಿನ ಸೈನ್ಯದಲ್ಲಿ ಎರಡು ಬಗೆಯ ಜನ ಇದ್ದರು. ಲೀಜನ್‌ಗಳಿಗೆ ಅಂದರೆ ಮುಖ್ಯ ಪಡೆಗಳಿಗೆ ಸೇರಬೇಕಾದರೆ ಮೊದಲೇ ರೋಮನ್ ಪೌರನಾಗಿರಬೇಕು. ಮಿಕ್ಕವರು, ಅಂದರೆ ಗೆದ್ದ ನಾಡುಗಳ ಜನ, ಸಹಾಯಕ ಪಡೆಗಳಿಗೆ ಇಲ್ಲವೇ ಹಡಗುಪಡೆಗೆ ಸೇರುತ್ತಿದ್ದರು. ಪೌರತ್ವ ಇಲ್ಲದವನನ್ನು ಪೆರೆಗ್ರಿನಸ್ ಎನ್ನುತ್ತಿದ್ದರು, ಪರಸ್ಥಳದವನು ಅಂತ. ಹುಟ್ಟಿ ಬೆಳೆದ ಊರಲ್ಲೇ ಇದ್ದರೂ ಕಾನೂನಿನ ಕಣ್ಣಿಗೆ ಅವನು ಪರಸ್ಥಳದವನೇ. ಸಹಾಯಕ ಪಡೆಯಲ್ಲಿ 25 ವರ್ಷ, ಹಡಗುಪಡೆಯಲ್ಲಿ 26 ವರ್ಷ ಸೇವೆ. ಒಳ್ಳೆಯ ಹೆಸರಿನಿಂದ ಬಿಡುಗಡೆಯಾದರೆ ಪೌರತ್ವ.

ಇದಕ್ಕೂ ಮೊದಲು ಸೇನಾಪತಿಗಳು ಆಗೊಮ್ಮೆ ಈಗೊಮ್ಮೆ ಇನಾಮಿನ ಹಾಗೆ ಕೊಡುತ್ತಿದ್ದದ್ದುಂಟು. ಕ್ರಿ.ಪೂ. 89ರಲ್ಲಿ ಪಾಂಪೇಯಸ್ ಸ್ಟ್ರಾಬೊ ಎಂಬ ಸೇನಾಪತಿ ಆಸ್ಕುಲಮ್ ಪಾಳೆಯದಲ್ಲಿ 30 ಮಂದಿ ಸ್ಪೇನಿನ ಕುದುರೆ ಸವಾರರಿಗೆ, ಅವರ ಶೌರ್ಯ ಮೆಚ್ಚಿ, ಪೌರತ್ವ ಕೊಟ್ಟ. ಕ್ಲಾಡಿಯಸ್ ಕಾಲಕ್ಕೆ ಆ ಇನಾಮು ಒಂದು ಪದ್ಧತಿಯಾಯಿತು.

ಪೌರತ್ವದಿಂದ ಏನು ಸಿಗುತ್ತಿತ್ತು? ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಒಂದು ಸಂದರ್ಭ ಇದೆ. ಜೆರುಸಲೇಮಿನಲ್ಲಿ ಕ್ರೈಸ್ತ ಪ್ರಚಾರಕ ಪೌಲನನ್ನು ಕಟ್ಟಿ ಚಾವಟಿಯಿಂದ ಹೊಡೆಯಲು ಸಿದ್ಧರಾಗಿರುತ್ತಾರೆ. ವಿಚಾರಣೆ ಇಲ್ಲದೆ ರೋಮನ್ ಪೌರನನ್ನು ಹೊಡೆಯಬಹುದೇ ಎಂದು ಅವನು ಕೇಳುತ್ತಾನೆ. ಅಷ್ಟಕ್ಕೇ ಎಲ್ಲರೂ ಹಿಂದೆ ಸರಿಯುತ್ತಾರೆ. ಅಲ್ಲಿದ್ದ ಸೇನಾಧಿಕಾರಿ, ನಾನು ಬಹಳ ಹಣ ಕೊಟ್ಟು ಈ ಪೌರತ್ವ ಪಡೆದೆ ಅನ್ನುತ್ತಾನೆ. ಒಬ್ಬ ಹಣ ಸುರಿದು ಪಡೆದದ್ದನ್ನು ಇನ್ನೊಬ್ಬ 25 ವರ್ಷ ಕೊಟ್ಟು ಪಡೆಯುತ್ತಿದ್ದ.

ಈಗ ನಾನು ನಿಮಗೆ ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ತಗಡಿನ ಒಕ್ಕಣೆಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ಅವರಿಗೆ, ಅವರ ಮಕ್ಕಳಿಗೆ, ಅವರ ಸಂತತಿಗೆ ಪೌರತ್ವ ಕೊಡಲಾಗಿದೆ. ಆಗ ಅವರಿಗಿದ್ದ ಹೆಂಡತಿಯರ ಜೊತೆ, ಇಲ್ಲವೇ ಮುಂದೆ ಮದುವೆಯಾಗುವವರ ಜೊತೆ, ವಿವಾಹದ ಹಕ್ಕು ಕೊಡಲಾಗಿದೆ. ಒಬ್ಬನಿಗೆ ಒಬ್ಬಳು ಮಾತ್ರ.

ಇದನ್ನು ನಿಧಾನವಾಗಿ ಓದಬೇಕು. ಸೇವೆಯಲ್ಲಿರುವ ಸೈನಿಕ ಮದುವೆಯಾಗುವಂತಿರಲಿಲ್ಲ. ಆದರೆ ಹದಿನೆಂಟು ಇಪ್ಪತ್ತು ವರ್ಷಕ್ಕೆ ಸೇರಿದ ಹುಡುಗ 25 ವರ್ಷ ಒಂಟಿಯಾಗಿ ಇರುತ್ತಾನೆಯೇ? ಕೋಟೆಯ ಹೊರಗಿನ ಕೇರಿಯಲ್ಲಿ ಸಂಸಾರ ಇರುತ್ತಿತ್ತು, ಮಕ್ಕಳು ಹುಟ್ಟುತ್ತಿದ್ದರು. ಕಾನೂನು ಆ ಸಂಸಾರವನ್ನು ಕಂಡೂ ಕಾಣದ ಹಾಗೆ ಇತ್ತು. ಕಂಚಿನ ತಗಡು ಬಂದ ದಿನ ಆ ಮಕ್ಕಳು ರೋಮನ್ನರಾಗುತ್ತಿದ್ದರು.

ತಾಯಿ? ಅವಳಿಗೆ ಪೌರತ್ವ ಇಲ್ಲ. ಅವಳ ಜೊತೆಗಿನ ಮದುವೆಗೆ ಮಾನ್ಯತೆ ಸಿಕ್ಕಿತು, ಅಷ್ಟೇ. ಗಂಡ ರೋಮನ್, ಮಕ್ಕಳು ರೋಮನ್, ಅದೇ ಮನೆಯಲ್ಲಿ ಅವಳು ಪರಸ್ಥಳದವಳು. ಕೋಟೆಯಿಂದ ಕೋಟೆಗೆ ಅವನ ಹಿಂದೆ ಅಲೆದವಳೂ ಅವಳೇ, ಮಕ್ಕಳನ್ನು ಸಾಕಿದವಳೂ ಅವಳೇ. ಎಷ್ಟೋ ತಗಡುಗಳಲ್ಲಿ ಅವಳ ಹೆಸರು ಕೂಡ ಇಲ್ಲ. ಈ ಸಾಲನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಲೀಜನ್ ಸೈನಿಕ ಮೊದಲೇ ರೋಮನ್. ಆದರೆ ಸೇವೆಯಲ್ಲಿದ್ದಾಗ ಪರಸ್ಥಳದ ಹೆಣ್ಣಿನಲ್ಲಿ ಅವನಿಗೆ ಹುಟ್ಟಿದ ಮಕ್ಕಳು ರೋಮನ್ನರಲ್ಲ. ಅವನಿಗೆ ಇಂಥ ತಗಡು ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಪೌರನಲ್ಲದವನು ಮಕ್ಕಳಿಗೆ ಕೊಡಬಹುದಾಗಿದ್ದನ್ನು ಪೌರನೇ ಕೊಡಲಾಗುತ್ತಿರಲಿಲ್ಲ.

ಬಹುಶಃ ಇದೂ ಒಂದು ಕಾರಣ ಇರಬೇಕು, ಕ್ರಿ.ಶ. 140ರಲ್ಲಿ, ಆಂಟೊನೈನಸ್ ಪಯಸ್ ಆಳ್ವಿಕೆಯಲ್ಲಿ, ಸಹಾಯಕ ಪಡೆಗಳ ತಗಡಿನಿಂದ ಮಕ್ಕಳ ಮಾತನ್ನೇ ತೆಗೆದುಬಿಟ್ಟರು. ಅಲ್ಲಿಂದ ಮುಂದೆ ಬಿಡುಗಡೆಯ ನಂತರ ಹುಟ್ಟಿದವರು ಮಾತ್ರ ರೋಮನ್ನರು. ಮೊದಲೇ ಹುಟ್ಟಿದ ಮಗನಿಗೆ ಪೌರತ್ವ ಬೇಕಿದ್ದರೆ ಅವನೂ ಸೈನ್ಯಕ್ಕೆ ಸೇರಬೇಕು. ಹಾಗೆ ಸೇರಲಿ ಎಂದೇ ಈ ಬದಲಾವಣೆ ಮಾಡಿದರು ಎಂದು ಕೆಲವರು ಊಹಿಸುತ್ತಾರೆ. ಕಾರಣ ಏನೇ ಇರಲಿ, ನಲವತ್ತು ದಾಟಿ ಮನೆಗೆ ಬಂದವನ ದೊಡ್ಡ ಮಗ ಒಂದು ಜಾತಿ, ಚಿಕ್ಕ ಮಗ ಇನ್ನೊಂದು ಜಾತಿ ಎನ್ನುವ ಹಾಗಾಯಿತು. ಹಡಗುಪಡೆಯವರಿಗೆ ಮಾತ್ರ ಮಕ್ಕಳ ಹಕ್ಕು ಉಳಿಯಿತು.

ಹೆಸರುಗಳ ಕಥೆಯನ್ನೂ ಹೇಳಬೇಕು. ಹೊಸ ಪೌರ ಸಾಮಾನ್ಯವಾಗಿ ಪೌರತ್ವ ಕೊಟ್ಟ ಚಕ್ರವರ್ತಿಯ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಿದ್ದ. ಇಂಗ್ಲೆಂಡಿನ ಇಂದಿನ ಲೆಸ್ಟರ್ ಊರಿನ ನೊವಾಂಟಿಕೊ ಎಂಬವನು ಬ್ರಿಟನ್ನರ ಪಡೆಯೊಂದರಲ್ಲಿ ಡೇಸಿಯಾಗೆ, ಅಂದರೆ ಇಂದಿನ ರೊಮೇನಿಯಾಗೆ, ಹೋಗಿ ಕಾದಿದ. ಆ ಯುದ್ಧದಲ್ಲಿ ನಿಷ್ಠೆಯಿಂದ ನಡೆದುಕೊಂಡರೆಂದು ಟ್ರಾಜನ್ ಆ ಪಡೆಗೆ ಕ್ರಿ.ಶ. 106ರಲ್ಲಿ, ಅವಧಿ ಮುಗಿಯುವ ಮೊದಲೇ, ಪೌರತ್ವ ಕೊಟ್ಟ. ನೊವಾಂಟಿಕೊ ಮಾರ್ಕಸ್ ಉಲ್ಪಿಯಸ್ ನೊವಾಂಟಿಕೊ ಆದ. ಉಲ್ಪಿಯಸ್ ಟ್ರಾಜನ್‌ನ ಮನೆತನದ ಹೆಸರು. ನೊವಾಂಟಿಕೊ ತಾಯ್ನಾಡಿನಲ್ಲಿ ಇಟ್ಟ ಹೆಸರು. ಅವನ ತಗಡು ಸಿಕ್ಕಿರುವುದು ರೊಮೇನಿಯಾದಲ್ಲಿ. ಬಿಡುಗಡೆಯಾದ ಮೇಲೂ ಅವನು ಲೆಸ್ಟರ್‌ಗೆ ವಾಪಸ್ ಹೋಗಲಿಲ್ಲ ಎಂದು ಇದರಿಂದ ತಿಳಿಯಬಹುದು.

ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಸಾಮ್ರಾಜ್ಯದ ಸ್ವತಂತ್ರ ಜನರಿಗೆ ಬಹುಮಟ್ಟಿಗೆ ಎಲ್ಲರಿಗೂ ಪೌರತ್ವ ಕೊಟ್ಟುಬಿಟ್ಟ. ಅಲ್ಲಿಗೆ 25 ವರ್ಷದ ಈ ಲೆಕ್ಕಾಚಾರಕ್ಕೆ ಮೊದಲಿನ ಅರ್ಥ ಉಳಿಯಲಿಲ್ಲ.

ಆದರೆ ಆ ಲೆಕ್ಕಾಚಾರ ನಡೆಯುತ್ತಿದ್ದ ಕಾಲದಲ್ಲಿ ಅದು ಒಬ್ಬ ಹುಡುಗನಿಗೆ ಹೇಗೆ ಕಾಣುತ್ತಿತ್ತು? ಎರಡನೇ ಶತಮಾನದ ಎರಡು ಕಾಗದಗಳು ಈಜಿಪ್ಟಿನಲ್ಲಿ ಸಿಕ್ಕಿವೆ, ಈಗ ಬರ್ಲಿನ್‌ನಲ್ಲಿವೆ. ಪಪೈರಸ್ ಮೇಲೆ, ಗ್ರೀಕಿನಲ್ಲಿ ಬರೆದವು. ಮೊದಲನೆಯದು ಅಪಿಯೋನ್ ಎಂಬ ಹುಡುಗ ಅಪ್ಪ ಎಪಿಮಾಕಸ್‌ಗೆ ಬರೆದದ್ದು. ಈಗಷ್ಟೇ ಮಿಸೇನಮ್‌ಗೆ, ಸ್ಪಾರ್ಟಿಕಸನ ಅದೇ ಬಂದರಿಗೆ, ಬಂದು ಹಡಗುಪಡೆ ಸೇರಿದ್ದಾನೆ. ಸಮುದ್ರದಲ್ಲಿ ಅಪಾಯ ಬಂತು, ಸೆರಾಪಿಸ್ ದೇವರು ಕಾಪಾಡಿದ ಅನ್ನುತ್ತಾನೆ. ದಾರಿಖರ್ಚಿಗೆ ಮೂರು ಚಿನ್ನದ ನಾಣ್ಯ ಸಿಕ್ಕಿತಂತೆ. ನೀವು ನನ್ನನ್ನು ಚೆನ್ನಾಗಿ ಓದಿಸಿದಿರಿ, ಅದರಿಂದ ಬೇಗ ಮೇಲೆ ಬರುತ್ತೇನೆ ಎಂದು ಅಪ್ಪನಿಗೆ ಹೇಳುತ್ತಾನೆ. ತನ್ನ ಚಿತ್ರವೊಂದನ್ನೂ ಕಳಿಸುತ್ತಾನೆ. ಕಾಗದದ ಕೊನೆಗೆ ಒಂದು ಸುದ್ದಿ: ಈಗ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್.

ಎರಡನೆಯ ಕಾಗದ ಅವನದೇ, ಕೆಲವು ವರ್ಷಗಳ ನಂತರದ್ದು, ಸೋದರಿ ಸಬೀನಾಗೆ ಬರೆದದ್ದು. ಇಲ್ಲಿ ಅಪಿಯೋನ್ ಎಂಬ ಹೆಸರೇ ಇಲ್ಲ, ಆಂಟೋನಿಯಸ್ ಮ್ಯಾಕ್ಸಿಮಸ್ ಮಾತ್ರ. ಆದರೆ ಜೊತೆಗೆ ಬಾಳುತ್ತಿರುವ ಹೆಂಗಸಿನ ಹೆಸರು ಇದೆ. ಔಫಿಡಿಯಾ ನಿನಗೆ ನಮಸ್ಕಾರ ಹೇಳಿದ್ದಾಳೆ ಎಂದು ಬರೆಯುತ್ತಾನೆ. ಮಗನೂ ಹೇಳಿದ್ದಾನೆ. ಮಗುವಿಗೆ ಇಟ್ಟಿರುವುದು ಅಪ್ಪನ ಹೊಸ ಹೆಸರು, ಮ್ಯಾಕ್ಸಿಮಸ್. ಹುಟ್ಟಿದ ದಿನವನ್ನು ಮಾತ್ರ ಊರಲ್ಲಿರುವ ಸೋದರಿಗೆ ತಿಳಿಯುವ ಈಜಿಪ್ಟಿನ ತಿಂಗಳಲ್ಲೇ ಬರೆದಿದ್ದಾನೆ: ಎಪೀಫ್ ತಿಂಗಳ 30.