ಒಂದು ಪರದೆ, ಹಲವು ಮೌಸ್

ಕೇಳುಗರಿಗೆ ನಮಸ್ಕಾರ.

ಬಡ ಶಾಲೆಗಳಿಗೆ ಕಂಪ್ಯೂಟರ್ ಎಂದೊಡನೆ ನಮ್ಮ ಯೋಚನೆ ಯಂತ್ರದ ಬೆಲೆಯ ಕಡೆಗೇ ಹರಿಯುತ್ತದೆ. 2005ರಲ್ಲಿ ನಿಕೊಲಾಸ್ ನೆಗ್ರೊಪಾಂಟೆಯವರು ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಜಗತ್ತಿನ ಮುಂದಿಟ್ಟಾಗ ಹೇಳಿದ್ದ ಬೆಲೆ 100 ಡಾಲರ್. 2007ರಲ್ಲಿ ತಯಾರಿಕೆ ಆರಂಭವಾಗುವ ಹೊತ್ತಿಗೆ ಅದು 200 ಡಾಲರಿನ ಸಮೀಪಕ್ಕೆ ಏರಿತ್ತು. ಸೀಮೆಸುಣ್ಣಕ್ಕೂ ಲೆಕ್ಕ ಬರೆದಿಡುವ ಹಳ್ಳಿಯ ಶಾಲೆಗೆ ಇದು ಮೂಗಿಗಿಂತ ಮೂಗುತಿ ಭಾರವಾದ ಮಾತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಂಟಾರೊ ಟೊಯಾಮಾ ಮತ್ತು ಅವರ ಸಂಗಡಿಗರು ಬೇರೊಂದು ಲೆಕ್ಕ ಹಾಕಿದರು. ಗ್ರಾಮೀಣ ಶಾಲೆಗಳಲ್ಲಿ ಅವರು ಕಂಡದ್ದು ಇಷ್ಟು: ಪರದೆಯ ಸುತ್ತ ಹಲವು ಮಕ್ಕಳು, ಮೌಸ್ ಮಾತ್ರ ಒಂದು. ಅದು ಗುಂಪಿನಲ್ಲಿ ಮುಂದಾಳಾದ ಮಗುವಿನ ಕೈಯಲ್ಲಿಯೇ ಉಳಿಯುತ್ತಿತ್ತು. ಹಿಂದೆ ನಿಂತವರ ಪಾಲಿಗೆ ಬರುತ್ತಿದ್ದುದು ನೋಟವಷ್ಟೇ. ಯಂತ್ರವನ್ನು ಅಗ್ಗಗೊಳಿಸುವ ಬದಲು ಅವರು ಅದೇ ಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ, ಒಂದೊಂದಕ್ಕೂ ಪರದೆಯ ಮೇಲೆ ಬೇರೆ ಬಣ್ಣದ ಬಾಣದ ಗುರುತನ್ನು ಕೊಟ್ಟರು. ಕಂಪ್ಯೂಟರಿನ ಬೆಲೆಯ ಮುಂದೆ ಮೌಸಿನ ಬೆಲೆ ಎಷ್ಟರದು? 2006ರಲ್ಲಿ ಪ್ರಕಟವಾದ ಈ ಸರಳ ಉಪಾಯ, ನನ್ನ ದೃಷ್ಟಿಯಲ್ಲಿ, ಎಷ್ಟೋ ಅಗ್ಗದ ಯಂತ್ರಗಳಿಗಿಂತ ಜಾಣತನದ್ದು.

ಹಂಚಿಕೊಂಡು ಆಡಿದರೆ ಕಲಿಕೆ ಕುಂದುತ್ತದೆಯೇ ಎಂದು ನೀವು ಕೇಳಬಹುದು. ಗುಜರಾತಿನ ವಡೋದರಾದಲ್ಲಿ ಪ್ರಥಮ್ ಎಂಬ ಶಿಕ್ಷಣ ಸ್ವಯಂಸೇವಾ ಸಂಸ್ಥೆಯು ನಾಲ್ಕನೆಯ ತರಗತಿಯ ಮಕ್ಕಳನ್ನು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಆ ಮಕ್ಕಳ ಗಣಿತದ ಅಂಕಗಳು ಗಮನಾರ್ಹವಾಗಿ ಏರಿದ್ದವು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷ ಕಳೆಯುವಷ್ಟರಲ್ಲಿ ಆ ಗಳಿಕೆಯ ಬಹುಭಾಗ ಕರಗಿತ್ತು ಎಂಬುದನ್ನೂ ಅದೇ ಅಧ್ಯಯನ ಮುಚ್ಚಿಡದೆ ಹೇಳುತ್ತದೆ.

ಬೆಂಗಳೂರಿನವರು ಮುಂದೆ ಕಂಡುಕೊಂಡ ಸಂಗತಿ ಇನ್ನೂ ಕುತೂಹಲದ್ದು. ಇಂಗ್ಲಿಷ್ ಪದಗಳನ್ನು ಕಲಿಸುವ ಆಟದಲ್ಲಿ, ಮೊದಲು ಸರಿಯುತ್ತರ ಒತ್ತಿದವರಿಗೆ ಗೆಲುವು ಎಂಬ ನಿಯಮವಿಟ್ಟಾಗ, ಹುಡುಗರೇ ಇದ್ದ ಗುಂಪುಗಳು ಪದವನ್ನು ಮರೆತು ವೇಗದ ಬೆನ್ನುಹತ್ತಿದವು. ಎಲ್ಲರೂ ಸರಿಯುತ್ತರವನ್ನು ಒತ್ತಿದ ಮೇಲಷ್ಟೇ ಮುಂದಿನ ಪದ ಎಂದು ನಿಯಮವನ್ನು ಬದಲಿಸಿದಾಗ, ಒಂಟಿಯಾಗಿ ಒಂದು ಕಂಪ್ಯೂಟರ್ ಪಡೆದ ಮಗುವಿನಷ್ಟೇ ಪದಗಳನ್ನು ಹಂಚಿಕೊಂಡವರೂ ಕಲಿತರು. ಆ ಆಟದಲ್ಲಿ ಉಳಿದ ಬಾಣಗಳೆಲ್ಲ ಉತ್ತರದ ಮೇಲೆ ನಿಂತು, ಇನ್ನೂ ಒತ್ತದ ಒಂದೇ ಒಂದು ಬಾಣಕ್ಕಾಗಿ ಕಾಯುತ್ತವೆ.