ಚಾರ್ಜ್‌ಶೀಟ್ ಆದ್ಮೇಲೆ ಏನಾಗುತ್ತೆ?

ಕೇಳುಗರೆಲ್ಲರಿಗೂ ನಮಸ್ಕಾರ. ಚಾರ್ಜ್‌ಶೀಟ್, ಅಂದ್ರೆ ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡೋ ಆರೋಪಪಟ್ಟಿ, ಸಲ್ಲಿಕೆ ಆಯ್ತು ಅಂತ ಸುದ್ದಿ ಬಂದ ಕೂಡ್ಲೇ ತುಂಬಾ ಜನ ಹಾಗಾದ್ರೆ ಅವನೇ ಮಾಡಿರೋದು ಅಂತ ತೀರ್ಮಾನಕ್ಕೆ ಬಂದ್ಬಿಡ್ತಾರೆ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ಅಲ್ಲಿಗೆ ಮುಗಿಯೋದು ಪೊಲೀಸರ ತನಿಖೆ ಅಷ್ಟೇ, ವಿಚಾರಣೆ ಇನ್ನೂ ಶುರುನೇ ಆಗಿರಲ್ಲ.

ಮೊದಲು ಎಫ್‌ಐಆರ್. ಅದಕ್ಕೆ ದೂರು ಸಾಕು, ಪುರಾವೆ ತನ್ನಿ ಅಂತ ಸ್ಟೇಷನ್ನಿಂದ ವಾಪಸ್ ಕಳಿಸೋ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ಕೊಲೆ, ದರೋಡೆಯಂಥ ಸಂಜ್ಞೇಯ ಅಪರಾಧ (ಅಂದ್ರೆ ವಾರಂಟ್ ಇಲ್ಲದೆನೇ ಪೊಲೀಸರು ಅರೆಸ್ಟ್ ಮಾಡಬಹುದಾದ್ದು) ಎಲ್ಲೇ ನಡೆದಿರ್ಲಿ, ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು. ಆಮೇಲೆ ಮಹಜರು (ಸ್ಥಳದಲ್ಲಿ ಕಂಡಿದ್ದು, ಸಿಕ್ಕಿದ್ದನ್ನ ಸಾಕ್ಷಿಗಳ ಮುಂದೆ ಬರೆದಿಡೋದು), ಹೇಳಿಕೆ, ಬೇಕಾದ್ರೆ ಅರೆಸ್ಟ್. ಅರೆಸ್ಟ್ ಆದವರನ್ನ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು.

ಚಾರ್ಜ್‌ಶೀಟ್ ಬಂದ್ಮೇಲೆ ಜಡ್ಜ್ ಕಾಗದಪತ್ರ ನೋಡಿ, ಮೇಲ್ನೋಟಕ್ಕೂ ಕೇಸ್ ಇಲ್ಲ ಅನ್ಸಿದ್ರೆ ಅಲ್ಲೇ ಕೈಬಿಡ್ತಾರೆ, ಇದೆ ಅನ್ಸಿದ್ರೆ ಆರೋಪ ಹೊರಿಸ್ತಾರೆ. ಆರೋಪಿ ಒಪ್ಪದಿದ್ರೆ ಸಾಕ್ಷಿ ವಿಚಾರಣೆ. ಮೊದಲು ಪ್ರಾಸಿಕ್ಯೂಷನ್ ಅಂದ್ರೆ ಸರ್ಕಾರದ ಕಡೆಯ ಸಾಕ್ಷಿಗಳು, ಪ್ರತಿಯೊಬ್ಬರಿಗೂ ಆರೋಪಿ ಕಡೆ ವಕೀಲರ ಪ್ರಶ್ನೆಗಳು, ಅದೇ ಪಾಟೀಸವಾಲು, ಅದೆಲ್ಲಾ ಮುಗಿದ ಮೇಲೇನೇ ಜಡ್ಜ್ ಆರೋಪಿ ಕಡೆ ತಿರುಗೋದು. ನಿಮ್ಮ ಮನೆಯಿಂದ ಈ ಚಾಕು ಸಿಕ್ತು ಅಂತ ಸಾಕ್ಷಿ ಹೇಳಿದಾರೆ, ಏನ್ ಹೇಳ್ತೀರಾ? ಅವನು ಸುಳ್ಳು ಅಂತಾನೆ, ಗೊತ್ತಿಲ್ಲ ಅಂತಾನೆ, ಇಲ್ಲಾ ವಿವರಣೆ ಕೊಡ್ತಾನೆ. ಪ್ರಮಾಣ ಮಾಡಿಸಲ್ಲ, ಉತ್ತರ ಕೊಡದಿದ್ರೂ, ತಪ್ಪು ಹೇಳಿದ್ರೂ ಅದಕ್ಕಾಗಿ ಶಿಕ್ಷೆ ಇಲ್ಲ. ಇದನ್ನ ಮೊದಲೇ ಕೇಳಿದ್ರೆ ಏನಾಗ್ತಿತ್ತು ಯೋಚನೆ ಮಾಡಿ, ಎದುರಾಳಿ ಏನ್ ಹೇಳ್ತಾನೆ ಅಂತ ಗೊತ್ತಿಲ್ದೇ ಅವನು ತನ್ನ ಬಾಯಿಂದಾನೇ ಕೇಸ್ ಕಟ್ಟಿಕೊಡಬೇಕಾಗ್ತಿತ್ತು, ಆದ್ರೆ ಸಾಬೀತು ಮಾಡೋ ಹೊಣೆ ಇರೋದು ಸರ್ಕಾರದ ಕಡೆಯವರ ಮೇಲೆ. ಆಮೇಲೆ ಬೇಕಿದ್ರೆ ಅವನೂ ತನ್ನ ಸಾಕ್ಷಿ ಕರೆಸಬಹುದು, ನಂತರ ವಾದ, ತೀರ್ಪು.

ಸೆಷನ್ಸ್ ಕೇಸಲ್ಲಿ, ಅಂದ್ರೆ ಸೆಷನ್ಸ್ ಕೋರ್ಟಲ್ಲಿ ನಡೆಯೋ ಕೊಲೆಯಂಥ ಗಂಭೀರ ಕೇಸಲ್ಲಿ, ತಪ್ಪಿತಸ್ಥ ಅಂತ ತೀರ್ಪು ಬಂದ್ರೂ ಸಾಮಾನ್ಯವಾಗಿ ಶಿಕ್ಷೆ ಎಷ್ಟು ಅನ್ನೋದಕ್ಕೆ ಬೇರೆಯಾಗೇ ಎರಡೂ ಕಡೆ ಮಾತು ಕೇಳ್ತಾರೆ. ವಯಸ್ಸು, ಮನೆ ಪರಿಸ್ಥಿತಿ ಎಲ್ಲಾ ಅಲ್ಲಿ ಬರುತ್ತೆ. ಹಳೇ ಕೇಸಲ್ಲಿ ಶಿಕ್ಷೆ ಆಗಿತ್ತು ಅಂತ ಜಾಸ್ತಿ ಶಿಕ್ಷೆ ಕೇಳೋದಿದ್ರೆ ಆ ಆರೋಪನೂ ಈ ತೀರ್ಪು ಬರೋವರೆಗೆ ಓದಿ ಹೇಳೋ ಹಾಗಿಲ್ಲ. ಮೊದಲೇ ಅದು ಕಿವಿಗೆ ಬಿದ್ರೆ, ಹಿಂದೆ ಮಾಡಿದವನು ಈಗ್ಲೂ ಮಾಡಿರ್ತಾನೆ ಅಂತ ಯಾರಿಗಾದ್ರೂ ಅನ್ಸುತ್ತೆ, ಈ ಕೇಸಿನ ಸಾಕ್ಷಿಯನ್ನ ಆಗ ಯಾರು ಸರಿಯಾಗಿ ನೋಡ್ತಾರೆ?