ಖಾಜಿಗೆ ಸುಲ್ತಾನ ಕೇಳಿದ ನಾಲ್ಕು ಪ್ರಶ್ನೆಗಳು

ನಮಸ್ಕಾರ. ಪೀಠಿಕೆ ಬೇಡ, ನೇರ ಅಲ್ಲಾವುದ್ದೀನ್ ಖಿಲ್ಜಿಯ ದರ್ಬಾರಿಗೇ ಹೋಗೋಣ. 1296ರಿಂದ 1316ರವರೆಗೆ ದಿಲ್ಲಿ ಆಳಿದವನು. ಓದು ಬರಹ ಇಲ್ಲದ ಮನುಷ್ಯ, ಧರ್ಮಪಂಡಿತರ ಮಾತಿಗೆ ಕಿವಿಗೊಡುವ ಅಭ್ಯಾಸವೂ ಇರಲಿಲ್ಲ. ಅಂಥವನು ಒಂದು ದಿನ ಬಯಾನಾದ ಖಾಜಿ, ಅಂದರೆ ನ್ಯಾಯಾಧೀಶ, ಮುಘೀಸುದ್ದೀನನಿಗೆ, ಕೆಲವು ಪ್ರಶ್ನೆ ಕೇಳ್ತೀನಿ, ನಿಜವನ್ನೇ ಹೇಳಬೇಕು ಅನ್ನುತ್ತಾನೆ. ಖಾಜಿಗೆ ನಡುಕ ಹತ್ತಿತು. ನನಗೆ ಸಾವು ಹತ್ತಿರ ಬಂದ ಹಾಗಿದೆ ಅಂತ ಅವನು ಬಾಯಿಬಿಟ್ಟೇ ಹೇಳಿದ.

ಮೊದಲ ಪ್ರಶ್ನೆ, ಕಂದಾಯ ಕಟ್ಟುವ ಹಿಂದೂಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ. ಖಾಜಿಯ ಉತ್ತರ ತುಂಬಾ ಕ್ರೂರವಾಗಿದೆ. ವಸೂಲಿ ಮಾಡುವಾಗ ಅವಮಾನವನ್ನೂ ಮಾಡಬೇಕು ಅನ್ನೋ ಧಾಟಿ. ಸುಲ್ತಾನ ನಕ್ಕುಬಿಟ್ಟ. ಈ ಶಾಸ್ತ್ರವೆಲ್ಲ ನನಗೆ ಗೊತ್ತಿಲ್ಲ, ಆದರೆ ಹಳ್ಳಿಗಳ ಮುಖಂಡರು ಒಳ್ಳೊಳ್ಳೆ ಕುದುರೆ ಹತ್ತಿ ತಿರುಗ್ತಾ ಕಂದಾಯ ಮಾತ್ರ ಕಟ್ಟದೆ ಇದ್ದರು, ಅದಕ್ಕೇ ಅವರ ಸೊಕ್ಕು ಮುರಿದೆ ಅಂದ. ಹಾಗಂತ ಸುಲ್ತಾನ ಖಾಜಿಗಿಂತ ಮೃದು ಅಂದುಕೊಳ್ಳಬೇಡಿ. ಬೆಳೆದದ್ದರಲ್ಲಿ ಅರ್ಧ ಕಿತ್ತುಕೊಳ್ಳುತ್ತಿದ್ದವನು ಅವನು. ಇಬ್ಬರೂ ಬಂದು ನಿಂತದ್ದು ಒಂದೇ ಜಾಗಕ್ಕೆ, ಕಾರಣ ಮಾತ್ರ ಬೇರೆ.

ಎರಡನೆಯದು ಲಂಚ ತಿನ್ನುವ ಅಧಿಕಾರಿಗಳದ್ದು. ಶಿಕ್ಷೆ ಕೊಡಿ, ಆದರೆ ಬೊಕ್ಕಸದ ದುಡ್ಡು ತಿಂದರು ಅಂತ ಕೈ ಕತ್ತರಿಸೋ ಹಾಗಿಲ್ಲ ಅಂದ ಖಾಜಿ. ಅದು ಅಲ್ಲಿಗೆ ಮುಗಿಯಿತು.

ಮೂರನೆಯದೇ ನಿಜವಾದ ಬೆಂಕಿ. ದೇವಗಿರಿಯಿಂದ ತಂದ ಸಂಪತ್ತು ಯಾರದು? 1296ರಲ್ಲಿ ಅಲ್ಲಾವುದ್ದೀನ್ ಇನ್ನೂ ಸುಲ್ತಾನ ಆಗಿರಲಿಲ್ಲ, ಕರಾ ಪ್ರಾಂತ್ಯದ ಅಧಿಪತಿ ಅಷ್ಟೇ. ಚಿಕ್ಕಪ್ಪನೂ ಮಾವನೂ ಆದ ಸುಲ್ತಾನ ಜಲಾಲುದ್ದೀನನಿಗೆ ಹೇಳದೆ ದೇವಗಿರಿ ಆಳುತ್ತಿದ್ದ ಸೇವುಣ ವಂಶದ ರಾಜ ರಾಮಚಂದ್ರನ ಮೇಲೆ ದಾಳಿ ಮಾಡಿ, ಬಂಗಾರ ಹೊತ್ತು ತಂದು, ಆಮೇಲೆ ಆ ಚಿಕ್ಕಪ್ಪನನ್ನೇ ಕೊಲ್ಲಿಸಿ, ಅದೇ ಬಂಗಾರ ಚೆಲ್ಲಿ ಸರದಾರರನ್ನು ಒಲಿಸಿಕೊಂಡು ದಿಲ್ಲಿಗೆ ಬಂದವನು. ಅಂದರೆ ಪ್ರಶ್ನೆ ಬರೀ ಹಣದ್ದಲ್ಲ, ಸಿಂಹಾಸನದ್ದೇ ಆಯ್ತು ಅಲ್ವಾ? ಖಾಜಿ ಹಿಂದೆ ಸರಿಯಲಿಲ್ಲ. ಅದು ಇಸ್ಲಾಂ ಸೈನ್ಯದ ಬಲದಿಂದ ಗೆದ್ದದ್ದು, ಆದ್ದರಿಂದ ಸಾರ್ವಜನಿಕ ಬೊಕ್ಕಸಕ್ಕೆ ಸೇರಬೇಕು ಅಂದ.

ಹಾಗಾದರೆ ಆ ಬೊಕ್ಕಸದಲ್ಲಿ ನನಗೂ ನನ್ನ ಮಕ್ಕಳಿಗೂ ಪಾಲು ಎಷ್ಟು ಅಂತ ನಾಲ್ಕನೇ ಪ್ರಶ್ನೆ. ಮೊದಲ ಖಲೀಫರ ದಾರಿ ಹಿಡಿಯೋದಾದರೆ ಒಬ್ಬ ಕುದುರೆ ಸವಾರನಿಗೆ ಕೊಡುವ 234 ಟಂಕ, ಅಂದರೆ ಅಷ್ಟು ಬೆಳ್ಳಿ ನಾಣ್ಯ, ಅಷ್ಟೇ ಅಂದ ಖಾಜಿ. ನಡುವಿನ ದಾರಿ ಬೇಕಾದರೆ ದೊಡ್ಡ ಸರದಾರರಿಗೆ ಸಿಗುವಷ್ಟು. ಈ ಕಾಲದ ಪಂಡಿತರ ರಿಯಾಯಿತಿ ಬೇಕಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಸುಲ್ತಾನನಿಗೆ ಸಿಟ್ಟು ಬಂತು. ಹಾಜರಿಗೆ ಬಾರದ ಸವಾರನಿಂದ ಮೂರು ವರ್ಷದ ಸಂಬಳ ವಾಪಸ್ ತಗೊಳ್ತೀನಿ, ಹೆಂಡ ಮಾರುವವರನ್ನು ಗುಂಡಿಗೆ ಹಾಕ್ತೀನಿ, ಅದೂ ತಪ್ಪು ಅಂತೀಯಾ ಅಂತ ಕೇಳಿದ. ಖಾಜಿ ನೆಲಕ್ಕೆ ಹಣೆ ಹಚ್ಚಿ, ಹೌದು, ಅದೂ ಶಾಸ್ತ್ರಕ್ಕೆ ವಿರುದ್ಧ ಅಂದ.

ಮಾರನೇ ದಿನ ಸಾಯಲು ತಯಾರಾಗಿಯೇ ಬಂದ ಖಾಜಿಗೆ ಸಿಕ್ಕಿದ್ದು 1000 ಟಂಕ ಮತ್ತು ಗೌರವದ ಉಡುಪು. ಸುಲ್ತಾನ ಹೇಳಿದ್ದಿಷ್ಟು: ಇದು ಷರಿಯಾಕ್ಕೆ ಒಪ್ಪುತ್ತೋ ಇಲ್ಲವೋ ನನಗೆ ತಿಳಿಯದು, ರಾಜ್ಯಕ್ಕೆ ಒಳ್ಳೆಯದು ಅಂತ ಕಂಡದ್ದನ್ನು ಆಜ್ಞೆ ಮಾಡುತ್ತೇನೆ.

ಇದನ್ನೆಲ್ಲ ನಮಗೆ ತಿಳಿಸಿದವನು ಜಿಯಾವುದ್ದೀನ್ ಬರನಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬರನಿ ತನ್ನ ಚರಿತ್ರೆ ಮುಗಿಸಿದ್ದು 1357ರಲ್ಲಿ. ಅಷ್ಟೊತ್ತಿಗೆ ಅಲ್ಲಾವುದ್ದೀನ್ ಸತ್ತು 40 ವರ್ಷ ದಾಟಿತ್ತು. ಬರನಿಯ ಚಿಕ್ಕಪ್ಪ ಅಲಾ ಉಲ್ ಮುಲ್ಕ್ ಅಲ್ಲಾವುದ್ದೀನನ ಕಾಲದಲ್ಲಿ ದಿಲ್ಲಿಯ ಕೊತ್ವಾಲ, ಅಂದರೆ ನಗರದ ಕಾವಲಿನ ಮುಖ್ಯಸ್ಥ, ಹಾಗಾಗಿ ಅರಮನೆಯ ಸುದ್ದಿ ಮನೆಯಲ್ಲೇ ಸಿಗುತ್ತಿತ್ತು, ನಿಜ. ಆದರೆ ಬರನಿ ಸುಮ್ನೆ ಬರೆದುಕೊಂಡು ಹೋಗುವ ಗುಮಾಸ್ತ ಅಲ್ಲ. ಮಹಮದ್ ಬಿನ್ ತುಘಲಕ್‌ನ ಹತ್ತಿರ, ಅಂದರೆ ಆಮೇಲೆ ದಿಲ್ಲಿ ಆಳಿದ ಸುಲ್ತಾನನ ಹತ್ತಿರ, 17 ವರ್ಷ ಇದ್ದು, ಅವನು ಸತ್ತ ಮೇಲೆ ಆಸರೆ ಕಳೆದುಕೊಂಡು, ಬಡತನದಲ್ಲಿ ಬರೆದವನು. ಕೆಳಗಿನವರಿಗೆ ವಿದ್ಯೆ ಕಲಿಸಬಾರದು ಅಂತ ನಾಚಿಕೆ ಇಲ್ಲದೆ ಬರೆದವನೂ ಅವನೇ. ಖಾಜಿಯ ಆ ಕ್ರೂರ ಉತ್ತರದಲ್ಲಿ ಖಾಜಿಯದೆಷ್ಟು, ಬರನಿಯದೆಷ್ಟು? ನನಗೆ ಬರನಿಯ ಪಾಲೇ ಜಾಸ್ತಿ ಕಾಣುತ್ತದೆ.

ಆದರೂ ಅವನ ಯೋಚನೆಯಲ್ಲಿ ಧೈರ್ಯ ಇದೆ. ರಾಜರಿಗೆ ಬುದ್ಧಿ ಹೇಳುವ ತನ್ನ ಇನ್ನೊಂದು ಪುಸ್ತಕದಲ್ಲಿ ಅವನು ಹೇಳೋದೇನು? ಇರಾನಿನ ಹಳೇ ರಾಜರ ಠಾಟಿನಲ್ಲಿ ನಡೆಯುವ ದರ್ಬಾರು ಪೈಗಂಬರರ ದಾರಿ ಅಲ್ಲವೇ ಅಲ್ಲ. ಆದರೆ ಹಸಿದು ಸಾಯುವವನು ಸತ್ತ ಪ್ರಾಣಿಯ ಮಾಂಸ ತಿನ್ನಬಹುದು ಅನ್ನೋ ಹಾಗೆ, ಅದು ಅನಿವಾರ್ಯ. ಕಾಲಕ್ಕೆ ತಕ್ಕಂತೆ ರಾಜ ತನ್ನದೇ ನಿಯಮ, ಅಂದರೆ ಜವಾಬಿತ್, ಮಾಡಿಕೊಳ್ಳಬಹುದು.

ಆಮೇಲಿನವರು ಶಾಸ್ತ್ರಕ್ಕೂ ರಾಜ್ಯಕ್ಕೂ ನಡುವಿನ ಈ ಗಂಟನ್ನು ಬೇರೆ ಬೇರೆ ರೀತಿ ಎಳೆದಾಡಿದರು. ದಿಲ್ಲಿಯಲ್ಲಿ ಖಾಜಿಯಾಗಿದ್ದ ಮೊರಾಕೋದ ಇಬ್ನ್ ಬತೂತ ಒಂದು ಪ್ರಸಂಗ ಹೇಳುತ್ತಾನೆ. ತನ್ನ ತಮ್ಮನನ್ನು ಕಾರಣವಿಲ್ಲದೆ ಕೊಲ್ಲಿಸಿದ ಅಂತ ಒಬ್ಬ ಹಿಂದೂ ಸರದಾರ ಮಹಮದ್ ಬಿನ್ ತುಘಲಕ್ ಮೇಲೆ ದೂರು ಕೊಟ್ಟನಂತೆ. ಸುಲ್ತಾನ ಆಯುಧ ಇಲ್ಲದೆ, ನಡೆದುಕೊಂಡೇ ಖಾಜಿಯ ಮುಂದೆ ಹೋಗಿ ನಿಂತು, ತೀರ್ಪು ಒಪ್ಪಿಕೊಂಡನಂತೆ. ಅದೇ ಸುಲ್ತಾನನ ಅರಮನೆ ಬಾಗಿಲಲ್ಲಿ ಹೆಣ ಬೀಳದ ದಿನವೇ ಅಪರೂಪ ಅಂತಲೂ ಇಬ್ನ್ ಬತೂತನೇ ಬರೆಯುತ್ತಾನೆ.

ಅವನ ನಂತರ ಸುಲ್ತಾನನಾದ ಫಿರೋಜ್ ಷಾ ಎಲ್ಲವನ್ನೂ ಕೇಳಿಯೇ ಮಾಡುವವನು. ಕಾಲುವೆ ತೋಡಿಸಿದ, ನೀರಿಗೆ ಕರ ಹಾಕಬಹುದಾ ಅಂತ ಪಂಡಿತರನ್ನು ಕೂರಿಸಿ ಕೇಳಿದ. ಹತ್ತರಲ್ಲಿ ಒಂದು ಪಾಲು ತಗೋಬಹುದು ಅಂದರು, ತಗೊಂಡ. ಶಾಸ್ತ್ರದಲ್ಲಿ ಇಲ್ಲ ಅಂತ ಹಲವು ಹಳೇ ತೆರಿಗೆ ತೆಗೆದ, ಕೈಕಾಲು ಕತ್ತರಿಸುವ ಶಿಕ್ಷೆ ನಿಲ್ಲಿಸಿದ. ಅದೇ ಶಾಸ್ತ್ರ ಹಿಡಿದು, ಅದುವರೆಗೆ ಜಿಜಿಯಾ, ಅಂದರೆ ಮುಸ್ಲಿಮರಲ್ಲದವರ ಮೇಲಿನ ತಲೆಗಂದಾಯ, ಕಟ್ಟದಿದ್ದ ಬ್ರಾಹ್ಮಣರ ಮೇಲೂ ಅದನ್ನು ಹೇರಿದ. ಅವರು ಅರಮನೆ ಮುಂದೆ ಉಪವಾಸ ಕೂತರು. ಕೊನೆಗೆ ದಿಲ್ಲಿಯ ಉಳಿದ ಹಿಂದೂಗಳು ಅವರ ಪಾಲನ್ನೂ ತಾವೇ ಕಟ್ಟುತ್ತೇವೆ ಅಂದರು, ಸುಲ್ತಾನ ದರ ಇಳಿಸಿದ.